ಬೆನ್ನಿಗೆ ಮಣ್ಣಿರಲಿಲ್ಲ

ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ಬಾಕ್ಸಿಂಗ್ ಹುಡುಗಿಯನ್ನು ನೀವು ಹತ್ತಿರದಿಂದ ನೋಡಿದ್ದೀರಂತಲ್ಲ, ಹೇಗೆ ಆಡುತ್ತಿದ್ದಳು ಎಂದು ಸುರಪುರದ ಚಹಾದಂಗಡಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಾರೆ. ಹತ್ತಿರ ಇದ್ದದ್ದು ಖರೆ. ಕಣದ ಹಗ್ಗಕ್ಕೂ ನನ್ನ ಮೂಗಿಗೂ ನಡುವೆ ಒಂದು ಮೇಜು ಬಿಟ್ಟರೆ ಮತ್ತೇನೂ ಇರಲಿಲ್ಲ. ಆದರೆ ನೋಡಿದೆನೇ? ಅಲ್ಲೇ ನನಗೆ ಗೊಂದಲ. ನಾನು ಆ ಪಂದ್ಯದ ಟೈಮ್‌ಕೀಪರ್. ಕೈಯಲ್ಲಿ ಗಡಿಯಾರ, ಮುಂದೆ ಗಂಟೆ. ಟೈಮ್‌ಕೀಪರ್ ಆದವನು ಗಡಿಯಾರ ನೋಡಬೇಕೇ ಹೊರತು ಆಟ ನೋಡಬಾರದು. ಇಡೀ ಕಸುಬಿನ ಕಾಲವನ್ನು ಹೊಡೆದಾಟದ ಪಕ್ಕದಲ್ಲೇ ಕೂತು ಕಳೆದು, ಒಂದು ಹೊಡೆದಾಟವನ್ನೂ ಪೂರ್ತಿ ನೋಡದೆ ನಿವೃತ್ತನಾದ ಮನುಷ್ಯ ನಾನು.

ಈ ಸಲ ಟೈಮ್‌ಕೀಪರ್ ಪರೀಕ್ಷೆ ಪಾಸು ಮಾಡಿದ ಯಾದಗಿರಿ ಕಡೆಯ ಕೆಲವು ಹುಡುಗ ಹುಡುಗಿಯರು ಮನೆಗೆ ಬಂದು, ನಿಮ್ಮ ಅನುಭವ ಬರೆದು ಕೊಡಿ ಸರ್ ಎಂದು ದುಂಬಾಲು ಬಿದ್ದರು. ಬರೆಯುತ್ತೇನೆ. ಆದರೆ ನಾನು ಯಾವ ದರ್ಜೆಯಿಂದ ಯಾವ ದರ್ಜೆಗೆ ಏರಿದೆ ಎನ್ನುವುದು ನನ್ನ ಹೆಂಡತಿಗೇ ಬೇಡವಾದ ಸುದ್ದಿ, ನಿಮಗೇಕೆ? ಇದನ್ನು ಓದಿ ಬುದ್ಧಿ ಬಂದೀತು ಎಂದೂ ತಿಳಿಯಬೇಡಿ. ನನಗೆ ತಿಳಿಯದೆ ಉಳಿದದ್ದನ್ನೇ ಹೆಚ್ಚಾಗಿ ಬರೆಯುವವನಿದ್ದೇನೆ.

ಹೊಟ್ಟೆಪಾಡಿಗೆ ನಾನು ಶಹಾಪುರದ ಸರ್ಕಾರಿ ಶಾಲೆಯಲ್ಲಿ ಪಿ.ಟಿ. ಮಾಸ್ತರನಾಗಿದ್ದೆ. ಬಾಕ್ಸಿಂಗ್ ನನ್ನ ಪಾಲಿಗೆ ಬಂದದ್ದು ನನ್ನ ಗುಣದಿಂದಲ್ಲ, ಶಾಲೆಯ ಗಂಟೆಯಿಂದ. ಯಾದಗಿರಿಯ ಮೈದಾನದಲ್ಲಿ ಮೊದಲ ಸಲ ಜಿಲ್ಲಾ ಪಂದ್ಯ ಇಟ್ಟಾಗ ಕಣ ಬಂತು, ಹಗ್ಗ ಬಂತು, ಕೈಗವಸು ಬಂದವು, ಗಂಟೆ ತರುವುದನ್ನು ಎಲ್ಲರೂ ಮರೆತಿದ್ದರು. ನಮ್ಮ ಶಾಲೆಯ ಗಂಟೆ ಎಂದರೆ ರೈಲು ಕಂಬಿಯ ಒಂದು ತುಂಡು. ಅದನ್ನೇ ಬಸ್ಸಿನಲ್ಲಿ ಹಾಕಿಕೊಂಡು ಬಾ ಎಂದು ಅಪ್ಪಣೆಯಾಯಿತು. ಕಂಡಕ್ಟರ್ ಅದಕ್ಕೂ ಟಿಕೆಟ್ ತೆಗೆಸಿದ. ಒಯ್ದು ಮೂರು ಬಿದಿರುಗಳಿಗೆ ಕಟ್ಟಿ ತೂಗುಹಾಕಿ, ಮೊದಲ ಸುತ್ತು ಮುಗಿದ ಕೂಡಲೇ ಸುತ್ತಿಗೆಯಿಂದ ಬಾರಿಸಿದೆ. ಮೈದಾನದ ಆಚೆ ಗೋಡೆಗೆ ಹತ್ತಿಕೊಂಡು ಒಂದು ಪ್ರಾಥಮಿಕ ಶಾಲೆ ಇದ್ದದ್ದು ಯಾರ ತಲೆಗೂ ಹೊಳೆದಿರಲಿಲ್ಲ. ಶಾಲೆ ಬಿಟ್ಟಿತೆಂದು ತಿಳಿದು ಅಲ್ಲಿನ ಹುಡುಗರೆಲ್ಲ ಪಾಟಿಚೀಲ ಹೊತ್ತು ಹೋ ಎಂದು ಕೂಗುತ್ತ ಹೊರಗೆ ಬಿದ್ದರು. ಅವರ ಹಿಂದೆ ಮಾಸ್ತರು, ಮಾಸ್ತರ ಹಿಂದೆ ಅಡುಗೆಯ ಹೆಣ್ಣುಮಗಳು. ಅರ್ಧ ಊರಿನ ಹುಡುಗರು ಕಣದ ಸುತ್ತ ನಿಂತಿದ್ದನ್ನು ಕಂಡ ಮುಖ್ಯ ಅತಿಥಿಗಳು ಎಂಥಾ ಜನ ಸೇರ್ಯಾರ್ರಿ ಎಂದು ನನ್ನ ಬೆನ್ನು ತಟ್ಟಿದರು. ಆ ಶಾಲೆಯ ಮುಖ್ಯೋಪಾಧ್ಯಾಯರು ಮಾತ್ರ ಬೈದು ಬೆವರಿಳಿಸಿದರು. ಅಂದಿನಿಂದ ನನ್ನ ಹೆಸರು ಹೋಗಿ ಗಂಟಿ ಮಾಸ್ತರ ಎನ್ನುವುದೇ ಉಳಿಯಿತು.

ನನ್ನನ್ನು ತಿದ್ದಿ ತೀಡಿದವರು ಕಲಬುರಗಿಯ ಒಬ್ಬ ಸುಬೇದಾರ್ ಸಾಹೇಬರು. ಫೌಜಿನಿಂದ ನಿವೃತ್ತರಾಗಿ ನಮ್ಮ ಭಾಗದ ಪಂದ್ಯಗಳಿಗೆಲ್ಲ ಮುಖ್ಯಾಧಿಕಾರಿ ಆಗಿದ್ದರು. ಮೀಸೆ ಬಿಳಿ, ಷರಟು ಬಿಳಿ, ಮಾತು ಖಾರ. ಒಮ್ಮೆ ಶಹಾಪುರದಲ್ಲಿ ಒಳ್ಳೆಯ ಜೋಡಿ ಬಿದ್ದಿತ್ತು. ನಾನು ಬಾಯಿ ತೆರೆದು ನೋಡುತ್ತ ಕೂತು, ಸುತ್ತು ಮುಗಿದದ್ದು ಗೊತ್ತಾಗದೆ ಗಂಟೆ ಬಾರಿಸುವುದನ್ನೇ ಮರೆತೆ. ಹುಡುಗರು ಏದುಸಿರು ಬಿಡುತ್ತ ಹೊಡೆದಾಡುತ್ತಲೇ ಇದ್ದರು. ಸಾಹೇಬರು ಹಿಂದಿನಿಂದ ಬಂದು ನನ್ನ ಕಿವಿ ಹಿಡಿದರು. ನಾನಾಗ ಮದುವೆಯಾದ ಗಂಡಸು, ಹೆಂಡತಿಯೂ ಪ್ರೇಕ್ಷಕರಲ್ಲಿ ಕೂತಿದ್ದಳು.

"ಅವ್ರು ಹೊಡದಾಡಿ ಸಾಯ್ಲಿ, ನಿನಗೇನ್ ಆಗಬೇಕು? ನಿನ್ನ ಕಣ್ಣು ಘಡಿಯಾರದ ಮ್ಯಾಲ ಇರ್ಲಿ. ಆಟ ನೋಡಬೇಕಂದ್ರ ಟಿಕೀಟ್ ತೊಗೊಂಡು ಅಲ್ಲಿ ಕುಂಡ್ರು."

ಅವತ್ತಿನಿಂದ ನನ್ನ ಕಣ್ಣು ಗಡಿಯಾರ ಬಿಟ್ಟು ಕದಲಿಲ್ಲ. ನಿಮಗೂ ಇದನ್ನೇ ಹೇಳಿಕೊಟ್ಟಿರುತ್ತಾರೆ. ಇದು ಸರಿಯೋ ತಪ್ಪೋ ಎಂದು ನನ್ನನ್ನು ಕೇಳಬೇಡಿ. ಮುಂದೆ ಓದಿ ನೀವೇ ತಲೆ ಕೆಡಿಸಿಕೊಳ್ಳಿ.

ಕಾಲ ಕಳೆದಂತೆ ಸಾಮಾನು ಬದಲಾದವು. ರೈಲು ಕಂಬಿ ಹೋಗಿ ಹಿತ್ತಾಳೆಯ ಗಂಟೆ ಬಂತು, ಅದು ಹೋಗಿ ಕರೆಂಟಿನ ಪೀಪಿ ಬಂತು. ಅಂಕ ಕೊಡುವವರು ಮೊದಲು ಚೀಟಿ ಬರೆಯುತ್ತಿದ್ದರು, ಆಮೇಲೆ ಗುಂಡಿ ಒತ್ತಿದರು, ಈಗ ಒಂದೊಂದು ಸುತ್ತಿಗೂ ಹತ್ತು ಅಂಕ ಎನ್ನುತ್ತಾರೆ. ಸುರಪುರದಲ್ಲಿ ಕರೆಂಟಿನ ಪೀಪಿಯ ಮೊದಲ ದಿನ ಸಭಾಂಗಣದ ಹಿಂದೆ ಒಂದು ಲಾರಿ ರಿವರ್ಸ್ ಹೋಗತೊಡಗಿತು. ಅದರದ್ದೂ ಅದೇ ಸದ್ದು. ಪೀಪಿ ಆಯಿತೆಂದು ಇಬ್ಬರೂ ಹುಡುಗರು ಕೈ ಇಳಿಸಿ ತಮ್ಮ ತಮ್ಮ ಮೂಲೆಗೆ ಹೋಗಿ ಕೂತು ನೀರು ಕುಡಿದರು. ನಾನು ಆಗಿಲ್ಲ, ಆಗಿಲ್ಲ ಎಂದು ಕೈ ಬೀಸಿದರೆ, ರೆಫರಿ ನನ್ನ ಮೇಲೆಯೇ ರೇಗಿದ. ಲಾರಿಯವನು ಆಚೆ ಆರಾಮಾಗಿ ಜೋಳದ ಚೀಲ ಇಳಿಸುತ್ತಿದ್ದ.

ಈಗ ಮಾನಮ್ಮನ ಸುದ್ದಿಗೆ ಬರುತ್ತೇನೆ.

ಮಾನಮ್ಮ ಕೆಂಭಾವಿಯ ಹುಡುಗಿ. ಬೆಳೆದದ್ದು ಕಾಕಾ, ಅಂದರೆ ಚಿಕ್ಕಪ್ಪ, ಹಣಮಂತ ಉಸ್ತಾದನ ಮನೆಯಲ್ಲಿ. ಉಸ್ತಾದನ ತಾಲೀಮು, ಅಂದರೆ ಕುಸ್ತಿಯ ಗರಡಿಮನೆ, ಆ ಭಾಗದಲ್ಲಿ ಹೆಸರುವಾಸಿ. ಹುಡುಗಿಯರನ್ನು ಕುಸ್ತಿಯ ಮಣ್ಣಿಗೆ ಇಳಿಸುತ್ತಿರಲಿಲ್ಲ. ಆದರೆ ಇವಳು ಬಾಗಿಲಲ್ಲೇ ದಂಡ ಬೈಠಕ್ ಹೊಡೆದು ಹೊಡೆದು ಗಂಡುಹುಡುಗರನ್ನು ಮೀರಿಸಿದಳು. ಶಹಾಪುರದ ಹಾಸ್ಟೆಲಿಗೆ ಬಂದಾಗ ನಮ್ಮ ಬಾಕ್ಸಿಂಗ್ ಕೋಚ್ ಅವಳ ಭುಜ ನೋಡಿ ಕೈಗವಸು ಹಾಕಿಸಿದರು. ಉಸ್ತಾದನಿಗೆ ಇದು ಸುತರಾಂ ಹಿಡಿಸಲಿಲ್ಲ. ಕೈಗೆ ದಿಂಬು ಕಟ್ಟಿಕೊಂಡು ಬಡಿದಾಡುವುದು ಎಂಥ ಮರ್ದಾನಗಿ, ಎಂಥ ಗಂಡುತನ ಎಂದು ನನ್ನ ಮುಂದೆಯೇ ನಕ್ಕಿದ್ದ. ಆದರೂ ಅವಳ ಒಂದು ಪಂದ್ಯವನ್ನೂ ತಪ್ಪಿಸುತ್ತಿರಲಿಲ್ಲ. ಬೆಳಿಗ್ಗೆಯೇ ಬಸ್ಸು ಹಿಡಿದು ಬಂದು, ರುಮಾಲು ಸುತ್ತಿಕೊಂಡು ಮುಂದಿನ ಸಾಲಿನಲ್ಲಿ ಕೂರುತ್ತಿದ್ದ.

ಉಸ್ತಾದನ ತಾಲೀಮಿನಲ್ಲಿ ಒಂದು ರಿವಾಜು ಇತ್ತು. ಕುಸ್ತಿಯಲ್ಲಿ ಬೆನ್ನು ಪೂರ್ತಿ ನೆಲಕ್ಕೆ ಹತ್ತಿದರೆ ಚಿತ್, ಅಂದರೆ ಸೋಲು. ಎದುರಾಳಿ ಬಿದ್ದಿದ್ದಾನೆ, ಆದರೆ ಚಿತ್ ಆಗಿಲ್ಲ ಎಂದರೆ, ಕೆಡವಿದವನೇ ಅವನಿಗೆ ಕೈ ಕೊಟ್ಟು ಎಬ್ಬಿಸಿ ಅವನ ಬೆನ್ನಿನ ಮಣ್ಣು ಒರೆಸಬೇಕು. ನೀನಿನ್ನೂ ಸೋತಿಲ್ಲ, ಬಾ, ಮತ್ತೆ ಹಿಡಿ ಎಂದು ಅದರ ಅರ್ಥ. ಒರೆಸದೆ ನಿಂತವನಿಗೆ ಉಸ್ತಾದ ಮೂರು ದಿನ ತಾಲೀಮಿನ ಬಾಗಿಲು ಮುಚ್ಚುತ್ತಿದ್ದ. ಮಾನಮ್ಮ ಇದನ್ನು ನೋಡುತ್ತಲೇ ದೊಡ್ಡವಳಾದಳು.

ಬಾಕ್ಸಿಂಗಿನಲ್ಲಿ ಇದಕ್ಕೆ ನೇರ ವಿರುದ್ಧ. ಎದುರಾಳಿ ಬಿದ್ದರೆ ಕೆಡವಿದವರು ತಕ್ಷಣ ಯಾರ ಪಾಲಿಗೂ ಸೇರದ ದೂರದ ಬಿಳಿ ಮೂಲೆಗೆ ಹೋಗಿ ನಿಲ್ಲಬೇಕು. ಆಗ ಟೈಮ್‌ಕೀಪರ್ ಬೆರಳು ತೋರಿಸುತ್ತಾನೆ, ರೆಫರಿ ಎಣಿಸುತ್ತಾನೆ. ಹತ್ತರೊಳಗೆ ಏಳದಿದ್ದರೆ ಆಟ ಮುಗಿಯಿತು. ಕೆಡವಿದವರು ಮೂಲೆಗೆ ಹೋಗದಿದ್ದರೆ ಎಣಿಕೆ ಅಲ್ಲಿಗೇ ನಿಲ್ಲುತ್ತದೆ, ಗಡಿಯಾರವನ್ನೂ ನಿಲ್ಲಿಸಬೇಕು. ಅವರು ಹೋದ ಮೇಲೆ ಬಿಟ್ಟ ಅಂಕಿಯಿಂದ ಮತ್ತೆ ಶುರು. ಕೋಚ್ ಇದನ್ನು ಮಾನಮ್ಮನಿಗೆ ಹೇಳಿ ಹೇಳಿ ಸುಸ್ತಾಗಿದ್ದರು. ಹೌದ್ರಿ ಸರ್, ಹೌದ್ರಿ ಸರ್ ಎನ್ನುತ್ತಿದ್ದಳು. ತಾಲೀಮು ಮೈಗೆ ಹತ್ತಿತ್ತು, ನಿಯಮ ಕಿವಿಗಷ್ಟೇ ಹತ್ತಿತ್ತು.

ಹೈದರಾಬಾದಿನಲ್ಲಿ ನಡೆದ ಒಂದು ಆಹ್ವಾನಿತ ಪಂದ್ಯಾವಳಿಗೆ ಬೇರೆ ದೇಶಗಳ ಹುಡುಗಿಯರೂ ಬಂದಿದ್ದರು. ಗಡಿಯಾರ ಹಿಡಿಯಲು ನನ್ನನ್ನು ಕರೆಸಿದ್ದರು. ಅಲ್ಲಿ ಗೆದ್ದರೆ ಮಾನಮ್ಮನಿಗೆ ದೊಡ್ಡ ಶಿಬಿರದ ಬಾಗಿಲು ತೆರೆಯುತ್ತಿತ್ತು. ಸೋತರೆ ವಯಸ್ಸು ಮೀರಿ ಆ ಬಾಗಿಲು ಮುಚ್ಚುತ್ತಿತ್ತು. ಅವಳಿಗೆ ಎದುರಾಗಿ ಬಿದ್ದದ್ದು ತಂಪು ದೇಶದ ಒಬ್ಬ ತೆಳ್ಳನೆಯ ಹುಡುಗಿ. ಮುಂದೆ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದಳಲ್ಲ, ಅವಳೇ. ಅವಳ ಹೆಸರು ನನ್ನ ನಾಲಿಗೆಗೆ ಎಂದೂ ಹೊರಳಲಿಲ್ಲ. ಆಗ ಅವಳು ಯಾರಿಗೂ ಗೊತ್ತಿಲ್ಲದ, ಹಲ್ಲಿಗೆ ತಂತಿ ಹಾಕಿಕೊಂಡ ಹುಡುಗಿ.

ಎರಡನೆಯ ಸುತ್ತು. ನನ್ನ ಕಣ್ಣು ಗಡಿಯಾರದ ಮೇಲೆ. ಧಡ್ ಎಂಬ ಸದ್ದು ಕೇಳಿ ತಲೆ ಎತ್ತಿದರೆ ಆ ಹುಡುಗಿ ಅಂಗಾತ ಬಿದ್ದಿದ್ದಳು. ನಾನು ಬೆರಳು ತೋರಿಸತೊಡಗಿದೆ. ಒಂದು. ಎರಡು. ಮೂರು. ಅಷ್ಟರಲ್ಲಿ ರೆಫರಿ ಸ್ಟಾಪ್ ಎಂದು ಕೂಗಿದ. ಮಾನಮ್ಮ ಮೂಲೆಗೆ ಹೋಗಿರಲಿಲ್ಲ. ಬಗ್ಗಿ ಆ ಹುಡುಗಿಯ ತೋಳಿಗೆ ತನ್ನ ತೋಳು ಕೊಟ್ಟು ಎಬ್ಬಿಸಿ ಕೂರಿಸಿ, ಕೈಗವಸಿನಿಂದ ಅವಳ ಬೆನ್ನು ಒರೆಸುತ್ತಿದ್ದಳು. ಕ್ಯಾನ್ವಾಸಿನ ಮೇಲೆ ಮಣ್ಣೆಲ್ಲಿಂದ ಬರಬೇಕು? ಆದರೂ ಒರೆಸುತ್ತಿದ್ದಳು. ನಿಯಮದಂತೆ ನಾನು ಗಡಿಯಾರ ನಿಲ್ಲಿಸಿ, ನಿಂತ ಮುಳ್ಳನ್ನೇ ನೋಡುತ್ತ ಕೂತೆ. ರೆಫರಿ ಅವಳನ್ನು ಬಿಡಿಸಿ ಮೂಲೆಗೆ ಕಳಿಸುವುದರಲ್ಲಿ ಸಾಕುಬೇಕಾದ. ಅವನ ಮಾತು ಇವಳಿಗೆ ತಿಳಿಯದು, ಇವಳ ರಿವಾಜು ಅವನಿಗೆ ತಿಳಿಯದು. ಕಡೆಗೆ ನಾಲ್ಕು ಎಂದು ಎಣಿಕೆ ಮತ್ತೆ ಶುರುವಾಯಿತು. ಎಂಟಕ್ಕೆ ಆ ಹುಡುಗಿ ಎದ್ದು ನಿಂತಳು. ಮೂರನೆಯ ಸುತ್ತಿನಲ್ಲಿ ಮಾನಮ್ಮನನ್ನು ಮನಸೋಇಚ್ಛೆ ಬಾರಿಸಿ, ಅಂಕದಲ್ಲಿ ಗೆದ್ದಳು.

ಸೋತದ್ದು ಒಂದು ಕಡೆ ಇರಲಿ. ಆಮೇಲೆ ಆದದ್ದೇ ದೊಡ್ಡದು. ಮಾನಮ್ಮ ಕಣದಿಂದ ಇಳಿದು ಮುಖ ಮುಚ್ಚಿಕೊಂಡು ಕೂತಿದ್ದಳು. ಉಸ್ತಾದ ಜನರನ್ನು ಸರಿಸಿಕೊಂಡು ಬಂದ. ಅವನ ಕಣ್ಣಲ್ಲಿ ನೀರು, ಆದರೆ ಅದು ದುಃಖದ್ದಲ್ಲ. ಎದೆ ಉಬ್ಬಿಸಿಕೊಂಡು ಬಂದಿದ್ದ.

"ಶಾಭಾಸ್ ಮಗಳ. ಹೈದ್ರಾಬಾದ್ ಮಂದಿ ಮುಂದ ನಮ್ಮ ತಾಲೀಮಿನ ಮರ್ಯಾದಿ ಉಳಸಿದಿ."

ಮಾನಮ್ಮ ಮುಖ ಎತ್ತಿದಳು. ತುಟಿ ಒಡೆದು ಬಾತಿತ್ತು. "ನಿನ್ನ ಮರ್ಯಾದಿ ನನ್ನ ಹೊಟ್ಟಿ ಮ್ಯಾಲ ಕಾಲಿಟ್ಟು ಉಳೀತು ಕಾಕಾ" ಎಂದಳು. ಅಷ್ಟೇ. ಮರಳುವಾಗ ರೈಲಿನಲ್ಲಿ ಬೇರೆ ಡಬ್ಬಿ ಹತ್ತಿದಳು. ಯಾದಗಿರಿಯಲ್ಲಿ ಇಳಿದವಳು ಕೆಂಭಾವಿಯ ಬಸ್ಸು ಹತ್ತಲಿಲ್ಲ. ಗುರುಮಠಕಲ್ಲಿನಲ್ಲಿ ಒಬ್ಬ ಗೆಳತಿಯ ಮನೆಯಲ್ಲಿದ್ದು ಓದಿದಳು, ಪಿ.ಟಿ. ಟೀಚರ್ ಆದಳು, ಹುಣಸಗಿಯಲ್ಲಿ ನೌಕರಿ ಹಿಡಿದಳು, ಮದುವೆಯಾದಳು. ಮದುವೆಗೆ ಉಸ್ತಾದನ ಹೆಂಡತಿ ಕಾಕಿ ಬಂದಳು, ಕಾಕಾನನ್ನು ಇವಳು ಕರೆಯಲಿಲ್ಲ. ಹುಣಸಗಿಯಿಂದ ಕೆಂಭಾವಿಗೆ ಬಸ್ಸಿನಲ್ಲಿ ಎಷ್ಟು ಹೊತ್ತು? ಆದರೂ ಆ ಮನೆಯ ಹೊಸ್ತಿಲು ತುಳಿಯಲಿಲ್ಲ.

ಆ ತಂಪು ದೇಶದ ಹುಡುಗಿ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದಾಗ ನಮ್ಮ ಕಡೆ ಭಾರಿ ಗದ್ದಲವಾಯಿತು. ಅವಳನ್ನು ಒಮ್ಮೆ ನೆಲಕ್ಕೆ ಕೆಡವಿದವಳು ನಮ್ಮ ಮಾನಮ್ಮ ಎಂದು ಯಾರೋ ಫೋನಿನಲ್ಲಿ ಹರಿಯಬಿಟ್ಟರು. ಸುರಪುರದ ತರುಣರು ಸನ್ಮಾನ ಇಟ್ಟರು, ಬ್ಯಾನರ್ ಬರೆಸಿದರು, ಶಾಲು ಹಾರ ತಂದರು. ಮಾನಮ್ಮ ಬರಲೇ ಇಲ್ಲ. ಸೋತವಳಿಗೆ ಯಾತರ ಸನ್ಮಾನ ಎಂದಳಂತೆ. ತಂದ ಶಾಲು ಹಾಳಾಗಬಾರದೆಂದು ಅದನ್ನು ನನಗೆ ಹೊದಿಸಿದರು. ಗಂಟೆ ಬಡಿದದ್ದಕ್ಕೆ ಶಾಲು! ನಾನು ಯಾವ ಮುಖ ಇಟ್ಟುಕೊಂಡು ಕೂತಿದ್ದೆನೋ ದೇವರೇ ಬಲ್ಲ.

ಅದಾದ ಮೇಲೆ ಮಾನಮ್ಮ ಒಂದು ದಿನ ನನ್ನ ಮನೆಗೆ ಬಂದಳು. ಚಹಾ ಮುಟ್ಟಲಿಲ್ಲ. ಆ ಪಂದ್ಯದಲ್ಲಿ ಗಡಿಯಾರ ಹಿಡಿದವನು ನಾನೊಬ್ಬನೇ, ಆದ್ದರಿಂದ ನನ್ನನ್ನೇ ಕೇಳಬೇಕು ಎಂದಳು. ತಾನು ನೇರ ಮೂಲೆಗೆ ಹೋಗಿದ್ದರೆ ಎಣಿಕೆ ಹತ್ತು ಮುಟ್ಟುತ್ತಿತ್ತೋ, ಅಥವಾ ಆ ಹುಡುಗಿ ಹೇಗೂ ಎದ್ದೇ ಬಿಡುತ್ತಿದ್ದಳೋ? ಇದೊಂದು ಗೊತ್ತಾಗಬೇಕಿತ್ತು ಅವಳಿಗೆ.

"ಆಕಿ ಹ್ಯಾಂಗಿದ್ರೂ ಏಳಾಕಿ ಇದ್ದಳು ಅಂದ್ರ ಕಾಕಾ ನನ್ನದೇನೂ ಕಸಗೊಂಡಿಲ್ಲ ಸರ್. ನಾ ನಾಳಿನೇ ಹೋಗಿ ಅವನ ಕಾಲು ಹಿಡೀತೀನಿ. ಏಳ್ತಿರಲಿಲ್ಲ ಅಂದ್ರ ನಾ ಯಾವ ಮಾರಿ ತೊಗೊಂಡು ಆ ಮನಿಗಿ ಹೋಗ್ಲಿ?"

ಜಗತ್ತಿನಲ್ಲಿ ಇದು ಗೊತ್ತಿರಬೇಕಾದ ಮನುಷ್ಯ ನಾನೊಬ್ಬ. ನನಗೇ ಗೊತ್ತಿಲ್ಲ. ನಿಂತ ಗಡಿಯಾರದಲ್ಲಿ ಏನು ಉಳಿಯುತ್ತದೆ? ರೆಫರಿಯೂ ಮಾನಮ್ಮನೂ ಎಳೆದಾಡುವಾಗ ಆ ಹುಡುಗಿಗೆ ಎಷ್ಟು ಹೊತ್ತು ಉಸಿರಾಡಲು ಸಿಕ್ಕಿತು ಎನ್ನುವುದು ಎಲ್ಲಿಯೂ ದಾಖಲಾಗಿಲ್ಲ. ಅವಳ ಮುಖ ನೋಡಿದ್ದರೆ ಹೇಳಬಹುದಿತ್ತೇನೋ. ನಾನು ನೋಡಿದ್ದು ಮುಳ್ಳನ್ನು. ಹೌದವ್ವ, ಹೇಗೂ ಏಳುತ್ತಿದ್ದಳು ಎಂದು ಒಂದು ಮಾತು ಅಂದುಬಿಟ್ಟಿದ್ದರೆ ಮನೆ ಒಂದಾಗುತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಗಡಿಯಾರ ಹಿಡಿದವನು ಗೊತ್ತಿಲ್ಲದ ಹೊತ್ತನ್ನು ಗೊತ್ತಿದೆ ಎಂದರೆ ಹೇಗೆ? ನನಗೆ ತಿಳಿಯದು ಎಂದೆ. ಅವಳು ಎದ್ದು ಹೋದಳು. ಹೆಂಡತಿ ನನಗೆ ಎರಡು ದಿನ ಸರಿಯಾಗಿ ಊಟಕ್ಕೆ ಬಡಿಸಲಿಲ್ಲ.

ಉಸ್ತಾದನೂ ಬಿಡಲಿಲ್ಲ. ಕೆಂಭಾವಿಯ ಸಂತೆಯಲ್ಲಿ ಸಿಕ್ಕಾಗ ನನ್ನನ್ನು ಪಕ್ಕಕ್ಕೆ ಎಳೆದು ಕೇಳಿದ. ಅವನಿಗೆ ಬೇಕಾದದ್ದು ಬೇರೆಯೇ. ಆ ಚಿನ್ನದ ಹುಡುಗಿ ಎದ್ದದ್ದು ನಮ್ಮ ಹುಡುಗಿ ಎಬ್ಬಿಸಿದ್ದಕ್ಕೋ, ತಾನಾಗಿಯೇ ಎದ್ದಳೋ? ನಮ್ಮ ಕೈಯಿಂದ ಎದ್ದಿದ್ದರೆ ಒಲಿಂಪಿಕ್ಸಿನ ಚಿನ್ನದಲ್ಲಿ ನಮ್ಮ ತಾಲೀಮಿನ ಪಾಲೂ ಇದೆ ಎಂದು ಅವನ ಲೆಕ್ಕ. ಅವಳಾಗಿಯೇ ಎದ್ದಿದ್ದರೆ ತಾನು ಕಲಿಸಿದ್ದು ಎರಡು ಕಾಸಿಗೂ ಬರಲಿಲ್ಲ, ಮಗಳು ಮಾತ್ರ ದೂರಾದಳು. ನೋಡಿ ನನ್ನ ಪಾಡು. ಒಬ್ಬಳಿಗೆ ಸಮಾಧಾನ ಕೊಡುವ ಉತ್ತರ ಇನ್ನೊಬ್ಬನ ಎದೆ ಒಡೆಯುತ್ತದೆ, ಇವನಿಗೆ ಸಿಹಿಯಾದದ್ದು ಅವಳಿಗೆ ವಿಷ. ನನಗೋ ಎರಡರಲ್ಲಿ ಒಂದೂ ಗೊತ್ತಿಲ್ಲ. ಅವತ್ತು ಸಂತೆಯಲ್ಲಿ ಮೆಣಸಿನಕಾಯಿ ತರಲು ಹೋದವನು ಬೆಲ್ಲ ಕಟ್ಟಿಸಿಕೊಂಡು ಮನೆಗೆ ಬಂದೆ.

ನನ್ನ ಕೊನೆಯ ಪಂದ್ಯಾವಳಿ ಹೈದರಾಬಾದಿನಲ್ಲೇ ಬಿತ್ತು. ಅದರ ಅತಿಥಿ ಯಾರು ಗೊತ್ತೇ? ಆ ಚಿನ್ನದ ಹುಡುಗಿ. ಅವಳೇ. ಆಟದಿಂದ ನಿವೃತ್ತಳಾಗಿ ಈಗ ಊರೂರು ತಿರುಗಿ ಹುಡುಗಿಯರಿಗೆ ಪಾಠ ಹೇಳುತ್ತಾಳಂತೆ. ಸುದ್ದಿ ಎರಡೂ ಕಡೆ ಮುಟ್ಟಿತು. ಹೊರಡುವ ಮುಂಚೆ ಮಾನಮ್ಮ ಫೋನು ಮಾಡಿ ಆಕಿಗಿ ಒಮ್ಮಿ ಕೇಳ್ರಿ ಸರ್ ಎಂದಳು. ಉಸ್ತಾದ ಹಾಸಿಗೆ ಹಿಡಿದು ಎದ್ದಿದ್ದ, ಮಂಡಿ ಸೋತಿತ್ತು. ಅವನೂ ಕಾಕಿಯ ಕೈಯಲ್ಲಿ ಅದನ್ನೇ ಹೇಳಿ ಕಳಿಸಿದ. ರೈಲಿನಲ್ಲಿ ಯಾದಗಿರಿ ದಾಟುವಾಗ ಈ ಹೆಣ್ಣುಮಗಳಿಗೆ ಏನೂ ನೆನಪಿಲ್ಲದಿರಲಿ ದೇವರೇ ಎಂದು ಬೇಡಿಕೊಂಡೆ. ಮರುಗಳಿಗೆಗೆ, ಎಲ್ಲವೂ ನೆನಪಿರಲಿ ಎಂದೂ ಬೇಡಿಕೊಂಡೆ.

ಉಪಾಹಾರದ ಹೊತ್ತಿಗೆ ಕಣ ಖಾಲಿ ಇತ್ತು. ದುಭಾಷಿಯಾಗಿ ಬಂದಿದ್ದ ಹೆಣ್ಣುಮಗಳನ್ನು ಹಿಡಿದು, ಕೈ ಮುಗಿದು, ಆ ಚಿನ್ನದ ಹುಡುಗಿಯ ಮುಂದೆ ಹೋಗಿ ನಿಂತೆ. ಪಂದ್ಯ, ಊರು, ಎಲ್ಲ ಹೇಳಿದೆ. ಬಿದ್ದಾಗ ನಿಮಗೆ ಎಚ್ಚರವಿತ್ತೋ, ಹತ್ತರೊಳಗೆ ಏಳುತ್ತಿದ್ದಿರೋ ಎಂದು ಕೇಳಿಸಿದೆ. ಅವಳು ನನ್ನನ್ನು ಒಂದು ಗಳಿಗೆ ನೋಡಿ ನಕ್ಕಳು. ಕೋಟು ಕಳಚಿ ನನ್ನ ಕೈಗೆ ಕೊಟ್ಟು, ಹಗ್ಗದ ನಡುವೆ ನುಸುಳಿ, ಕಣದ ಮೇಲೆ ಅಂಗಾತ ಮಲಗಿಬಿಟ್ಟಳು! ಒಲಿಂಪಿಕ್ಸಿನ ಚಿನ್ನದಾಕೆ ಕಣ್ಣು ಮುಚ್ಚಿ ಮಲಗಿ, ತನ್ನ ಭಾಷೆಯಲ್ಲಿ ಬೆರಳು ಮಡಚಿ ಎಣಿಸುತ್ತ ಹೋದಳು. ಎಂಟು ಮಡಚಿದ ಕೂಡಲೇ ಚಂಗನೆ ಎದ್ದು ನಿಂತಳು. ಬಿದ್ದ ಮೇಲೆ ಎಂಟರವರೆಗೆ ಏಳಬಾರದು, ಮಲಗಿ ದಣಿವಾರಿಸಿಕೋ ಎಂದು ಚಿಕ್ಕಂದಿನಲ್ಲೇ ತನ್ನ ಗುರು ಕಲಿಸಿದ್ದ, ತಾನು ಯಾವಾಗಲೂ ಹಾಗೇ ಮಾಡಿದ್ದು ಎಂದು ದುಭಾಷಿ ಹೇಳಿದಳು.

ಅಬ್ಬಾ ಎಂದು ನಾನು ಉಸಿರು ಬಿಟ್ಟೆ. ಮಾನಮ್ಮನಿಗೆ ಉತ್ತರ ಸಿಕ್ಕಿತ್ತು. ಕೋಟು ಮರಳಿಸಿ ಹೊರಟವನನ್ನು ಅವಳೇ ನಿಲ್ಲಿಸಿದಳು. ಈ ಸಲ ನಗಲಿಲ್ಲ. ಇಲ್ಲಿ ಆಡಿದ್ದು ಒಂದೇ ಸಲ, ಆದ್ದರಿಂದ ಆ ಪಂದ್ಯದ್ದು ಒಂದು ನೆನಪಿದೆ ಎಂದು ದುಭಾಷಿಗೆ ಹೇಳಿದಳು. ಎಲ್ಲ ಕತ್ತಲೆ ಕತ್ತಲೆ ಇತ್ತಂತೆ. ಎಣಿಕೆ ಕೇಳಿಸಲಿಲ್ಲವಂತೆ. ಯಾರೋ ಬೆನ್ನು ಸವರಿದರಂತೆ. ಗುರುವೇ ಕಣಕ್ಕೆ ಇಳಿದು ಬಂದು ಏಳು ಎನ್ನುತ್ತಿದ್ದಾನೆ ಎಂದು ತಿಳಿದು ಎದ್ದಳಂತೆ. ಆಮೇಲೆ ಕೇಳಿದರೆ ಗುರು, ನಾನು ಕುರ್ಚಿ ಬಿಟ್ಟು ಎದ್ದೇ ಇಲ್ಲ ಎಂದನಂತೆ. ಅದು ಯಾರ ಕೈ ಎಂದು ಅವಳು ನನ್ನನ್ನೇ ಕೇಳಿದಳು.

ಮಾನಮ್ಮ ಎಂದೆ. ಅವಳಿಗೆ ಆ ಹೆಸರು ನಾಲಿಗೆಗೆ ಹೊರಳಲಿಲ್ಲ.

ಹಾಗಾದರೆ ಎಚ್ಚರವಿತ್ತೋ ಇಲ್ಲವೋ? ಮಲಗಿ ದಣಿವಾರಿಸಿಕೊಳ್ಳುತ್ತಿದ್ದಳೋ, ಕತ್ತಲೆಯಲ್ಲಿದ್ದಳೋ? ಇನ್ನೊಮ್ಮೆ ಕೇಳೋಣವೆಂದರೆ ಅಷ್ಟರಲ್ಲಿ ಮುಂದಿನ ಪಂದ್ಯಕ್ಕೆ ಕರೆ ಬಂತು. ನಾನು ಹೋಗಿ ಗಂಟೆಯ ಮುಂದೆ ಕೂತೆ. ಸುಬೇದಾರ್ ಸಾಹೇಬರು ತೀರಿಕೊಂಡು ಬಹಳ ದಿನವಾಗಿತ್ತು, ಆದರೂ ಕಿವಿ ಸವರಿಕೊಂಡು ಗಡಿಯಾರಕ್ಕೆ ಕಣ್ಣು ನೆಟ್ಟೆ.

ಊರಿಗೆ ಬಂದ ಮೇಲೆ ಒಂದು ವಾರ ಯಾರ ಫೋನೂ ಎತ್ತಲಿಲ್ಲ. ಮಾನಮ್ಮನಿಗೆ ಮೊದಲನೆಯದು, ಉಸ್ತಾದನಿಗೆ ಎರಡನೆಯದು, ಹಂಚಿ ಹೇಳಿದರೆ ಇಬ್ಬರಿಗೂ ತಂಪು ಎಂದು ಹೆಂಡತಿ ಬುದ್ಧಿ ಹೇಳಿದಳು. ಬರೋಬ್ಬರಿ ಮಾತು. ಆದರೆ ಇಬ್ಬರೂ ಎಂದಾದರೊಂದು ದಿನ ಒಂದೆಡೆ ಕೂತು ಮಾತಾಡಿದರೆ? ಕೂತು ಮಾತಾಡಲಿ ಎಂದೇ ಅಲ್ಲವೇ ಇಷ್ಟೆಲ್ಲ? ಕೊನೆಗೆ ಮಾನಮ್ಮನಿಗೆ ಫೋನು ಮಾಡಿ, ಉತ್ತರ ಸಿಕ್ಕಿದೆ, ಆದರೆ ಉಸ್ತಾದನ ಮುಂದೆಯೇ ಹೇಳುತ್ತೇನೆ, ಕೇಳಬೇಕೆಂದರೆ ಕೆಂಭಾವಿಗೆ ಬಾ ಎಂದೆ. ಬರ್ತೀನ್ರಿ ಎಂದಳು.

ತಾಲೀಮಿನ ಕುಸ್ತಿಯ ಮಣ್ಣು ಒಣಗಿ ಗಟ್ಟಿಯಾಗಿತ್ತು. ಉಸ್ತಾದ ಅದರ ಪಕ್ಕ ಪರಸಿಕಲ್ಲು ಹಾಸಿದ ನೆಲದ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಕಾಕಿ ಆಗಷ್ಟೇ ಕಸ ಹೊಡೆದು ನೀರು ಹಾಕಿ ಒರೆಸಿದ್ದಳು. ಮಾನಮ್ಮ ಬಾಗಿಲಲ್ಲೇ ನಿಂತಳು, ಚಿಕ್ಕಂದಿನಲ್ಲಿ ದಂಡ ಹೊಡೆಯುತ್ತಿದ್ದ ಅದೇ ಜಾಗದಲ್ಲಿ. ಇಬ್ಬರೂ ನನ್ನ ಮುಖ ನೋಡುತ್ತಿದ್ದರು, ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ನಾನು ಎರಡನ್ನೂ ಹೇಳಿದೆ. ಅವಳು ಮಲಗಿ ಎಂಟು ಎಣಿಸಿ ಎದ್ದು ತೋರಿಸಿದ್ದನ್ನು ಹೇಳಿದೆ. ಕತ್ತಲೆಯಲ್ಲಿ ಬೆನ್ನು ಸವರಿದ ಕೈಯ ಮಾತನ್ನೂ ಹೇಳಿದೆ. ಒಂದಕ್ಷರ ಸೇರಿಸಲಿಲ್ಲ, ಒಂದಕ್ಷರ ಬಿಡಲಿಲ್ಲ.

ಉಸ್ತಾದ ಕೇಳಿದ. "ಹಂಗಾದ್ರ ನಾ ಕಲಿಸಿದ್ದು ಚೊಲೋ ಆತೋ, ಕೆಟ್ಟ ಆತೋ?"

"ನನಗ ತಿಳಿವಲ್ದು ಉಸ್ತಾದ" ಎಂದೆ.

ಮಾನಮ್ಮ ಬಾಗಿಲಿನ ಚೌಕಟ್ಟು ಹಿಡಿದುಕೊಂಡಿದ್ದಳು. "ಇದಕ್ಕೇನು ನಾ ಇಷ್ಟು ವರ್ಷ ಬರಲಾರದ ಕುಂತಿದ್ದು?" ಎಂದಳು. ಅದು ನನಗೆ ಹೇಳಿದ್ದೋ, ಕಾಕಾನಿಗೋ, ತನಗೇ ತಾನೋ ತಿಳಿಯಲಿಲ್ಲ. ಉಸ್ತಾದನಿಗೂ ತಿಳಿಯಲಿಲ್ಲ ಎಂದು ಕಾಣುತ್ತದೆ. ಅವಳು ಮರಳಿ ಹೊರಟಳೆಂದು ಬಗೆದನೋ ಏನೋ, ಕೋಲನ್ನೂ ಹಿಡಿಯದೆ ದಡಬಡಿಸಿ ಎದ್ದ. ಸೋತ ಮಂಡಿ ಮಡಚಿಕೊಂಡು ಪರಸಿಕಲ್ಲಿನ ಮೇಲೆ ಪಕ್ಕಕ್ಕೆ ವಾಲಿ ಕುಸಿದ.

ಹಾಳು ಅಭ್ಯಾಸ. ನಾನು ಓಡಿ ಹಿಡಿಯಬೇಕಿತ್ತು. ಅದು ಬಿಟ್ಟು ನನ್ನ ಬಾಯಿ ಒಳಗೊಳಗೇ ಒಂದು, ಎರಡು ಎಂದು ಎಣಿಸತೊಡಗಿತು.

ಮಾನಮ್ಮ ಹೊಸ್ತಿಲು ದಾಟಿ ಬಂದಳು. ಬಗ್ಗಿ ಅವನ ತೋಳಿಗೆ ತೋಳು ಕೊಟ್ಟು ಎಬ್ಬಿಸಿದಳು. ಅವನು ನಿಂತ ಮೇಲೂ ಬಿಡದೆ, ಅಂಗೈಯಿಂದ ಅವನ ಬೆನ್ನು ಒರೆಸತೊಡಗಿದಳು. ಕಾಕಿ ಒರೆಸಿದ ಕಲ್ಲು, ಬೆನ್ನಿಗೆ ಮಣ್ಣಿರಲಿಲ್ಲ. ಆದರೂ ಭುಜದಿಂದ ಸೊಂಟದವರೆಗೆ ಒರೆಸಿದಳು.

"ನಾ ಚಿತ್ ಆಗಿಲ್ಲ" ಎಂದ ಉಸ್ತಾದ, ಮುಖ ಆಚೆ ತಿರುಗಿಸಿಕೊಂಡು.

"ಗೊತ್ತದ ಕಾಕಾ. ಅದಕ್ಕ ಒರಸಾಕತ್ತೇನಿ."

ಕಾಕಿ ಒಳಗಿನಿಂದ ಚಹಾ ತಂದವಳು ಬಾಗಿಲಲ್ಲೇ ನಿಂತು ಸೆರಗಿನಿಂದ ಕಣ್ಣು ಒತ್ತಿಕೊಂಡಳು. ನಾನು ಎಷ್ಟಕ್ಕೆ ಎಣಿಕೆ ನಿಲ್ಲಿಸಿದೆ ಎಂದು ಕೇಳಬೇಡಿ, ನನಗೆ ಗೊತ್ತಿಲ್ಲ. ಆ ಹೊತ್ತಿನಲ್ಲಿ ನಾನು ಅವರಿಬ್ಬರನ್ನು ನೋಡುತ್ತಿದ್ದೆ.